ಐರಾಣಿ ಗಡಿಗೆಯ ಹಿಂದಿನ ಸೊಳ್ಳೆ

ಊರಿನವರೆಲ್ಲ ಸೊಳ್ಳೆ ಕಂಡರೆ ಹೊಡೆಯುತ್ತಾರೆ. ಹೊಡೆಯದೆ, ಅದರ ಒಂದು ಕಾಲೂ ಮುರಿಯದಂತೆ ಹಿಡಿದು, ಜೀಪಿನಲ್ಲಿ ಕೂಡಿಸಿಕೊಂಡು ಬೆಳಗಾವಿಗೆ ಕರೆತಂದು, ಅದಕ್ಕಾಗಿ ಸಂಬಳ ಪಡೆಯುವ ಮನುಷ್ಯ ನಾನು. ನಗುವವರು ನಗಲಿ. ಏಳನೇ ಇಯತ್ತೆಗೆ ಸಾಲೆ ಬಿಟ್ಟು ಬೆಳಗಾವಿ ಹತ್ತಿರದ ಮಚ್ಛೆಯ ಕಾರ್ಖಾನೆಯೊಂದರಲ್ಲಿ ಲೇತ್ ಮಶೀನಿನ ಮುಂದೆ ನಿಂತವನು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಕಬ್ಬಿಣ ಕಡೆದ ಕೈ ಇದು. ಕಾರ್ಖಾನೆ ಬಾಗಿಲು ಹಾಕಿದಾಗ, ಡೆಂಗ್ಯೂ ಬಗ್ಗೆ ಸಂಶೋಧನೆ ಮಾಡುವ ಸಣ್ಣದೊಂದು ಲ್ಯಾಬಿನವರು ಡ್ರೈವರ್ ಬೇಕೆಂದರು. ಸೇರಿದೆ. ಸೇರಿದ ಮೇಲೆ ತಿಳಿಯಿತು, ಜೀಪು ಓಡಿಸುವುದು ಅರ್ಧ ಕೆಲಸ ಮಾತ್ರ. ಇನ್ನರ್ಧ ಮನೆಮನೆಗೆ ಹೋಗಿ ಸೊಳ್ಳೆ ಹಿಡಿಯುವುದು.

ಹಿಡಿಯುವುದು ಬಾಯಿಂದ. ಗಾಜಿನ ನಳಿಗೆ, ಅದಕ್ಕೊಂದು ರಬ್ಬರ್ ಕೊಳವೆ, ನಡುವೆ ಸಣ್ಣ ಜಾಳಿಗೆ. ಕೊಳವೆಯನ್ನು ತುಟಿಗೆ ಹಚ್ಚಿ, ಗೋಡೆಯ ಮೇಲೆ ಕೂತ ಸೊಳ್ಳೆಯ ಹತ್ತಿರ ನಳಿಗೆಯ ಬಾಯಿ ಒಯ್ದು, ಸುಯ್ಯೆಂದು ಒಂದು ಉಸಿರು ಎಳೆಯಬೇಕು. ಮೆಲ್ಲಗೆ ಎಳೆದರೆ ಹಾರಿಹೋಗುತ್ತದೆ, ಜೋರಾಗಿ ಎಳೆದರೆ ಜಾಳಿಗೆಗೆ ಬಡಿದು ಸಾಯುತ್ತದೆ. ಜಾಳಿಗೆ ಹರಿದಿದ್ದರೆ ಆ ದಿನ ಮಾಂಸಾಹಾರ. ಈ ಬೆಳಗಾವಿ ಜಿಲ್ಲೆಯಲ್ಲಿ ನನ್ನಷ್ಟು ಚೊಕ್ಕಾಗಿ ಉಸಿರೆಳೆಯುವವರು ಇನ್ನೊಬ್ಬರಿಲ್ಲ ಎಂದು ನಾನೇ ಹೇಳಿಕೊಳ್ಳುತ್ತೇನೆ, ಬೇರೆಯವರು ಯಾರೂ ಹೇಳುವ ಲಕ್ಷಣ ಕಾಣದ್ದರಿಂದ.

"ಮಂದಿ ಗಂಡಂದಿರು ಬೀಡಿ ಎಳೀತಾರ," ಎಂದಳು ನನ್ನ ಹೆಂಡತಿ, "ನನ್ನ ಪಾಲಿಗೆ ಸೊಳ್ಳಿ ಎಳಿಯಾವ ಬಂದಾನ."

ಆದರೆ ಆ ಲ್ಯಾಬಿನ ಅಸಲಿ ಯಜಮಾನ ಸೊಳ್ಳೆಯಲ್ಲ. ಫ್ರಿಜ್ಜಿನೊಳಗೆ ಮೇಲಿನ ತಟ್ಟೆಯಲ್ಲಿ ಕೂತಿರುವ ಒಂದು ಶೀಶೆ. ಕಿರುಬೆರಳಿನ ತುದಿಯಷ್ಟು ಶೀಶೆ, ತಳದಲ್ಲಿ ಮಗುವಿನ ಕಣ್ಣೀರಿನಷ್ಟು ನೀರು. ಅದಕ್ಕೆ ಆ್ಯಂಟಿಬಾಡಿ ಎನ್ನುತ್ತಾರೆ. ಓದಿದವರ ಕನ್ನಡದಲ್ಲಿ ಪ್ರತಿಕಾಯ. ದೊಡ್ಡ ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಸುತ್ತಲೂ ತಣ್ಣನೆಯ ಚೀಲಗಳನ್ನು ಹೊದ್ದು ವಿಮಾನದಲ್ಲಿ ಬರುತ್ತದೆ. ನಾನು ಇಂದಿನವರೆಗೆ ವಿಮಾನ ಹತ್ತಿಲ್ಲ. ಆ ಕಣ್ಣೀರ ಹನಿಯನ್ನು ಕರೆತರಲು ಮಾತ್ರ, ಮಂತ್ರಿಗಾಗಿ ಕಾದಂತೆ ವಿಮಾನ ನಿಲ್ದಾಣದ ಹೊರಗೆ ಕಾದು ನಿಂತಿದ್ದೇನೆ.

ಇಷ್ಟು ಠೀವಿ ಇರಬೇಕಾದರೆ ಡೆಂಗ್ಯೂಗೆ ಇದೇ ಔಷಧವಿರಬೇಕು ಎಂದುಕೊಂಡಿದ್ದೆ. ಲ್ಯಾಬಿನ ಡಾಕ್ಟರ್ ಮೇಡಂ ನಕ್ಕರು. ನನ್ನ ಮಗಳಿಗಿಂತ ತುಸು ದೊಡ್ಡವರು, ಮನೆಯಲ್ಲಿ ಉರ್ದು, ನಮ್ಮೊಂದಿಗೆ ನಮ್ಮದೇ ಮಾತು.

"ಔಷಧ ಅಲ್ಲ ಕಾಕಾ. ಇದು ಬರೇ ಗುರುತ ಹಿಡೀತದ, ಅಷ್ಟ."

ಡೆಂಗ್ಯೂ ವೈರಸ್ಸು ಕಣ್ಣಿಗೆ ಕಾಣದ ಚೆಂಡಂತೆ. ಅದರ ಮೈಮೇಲೆ ಪ್ರೋಟೀನಿನದೊಂದು ಅಂಗಿ. ಶೀಶೆಯಲ್ಲಿರುವ ಪ್ರತಿಕಾಯಕ್ಕೆ ಆ ಅಂಗಿಯ ಗುರುತು ಗೊತ್ತು. ಎಲ್ಲಿ ಕಂಡರೂ ಹೋಗಿ ಅಂಟಿಕೊಂಡು ಬಿಡುತ್ತದೆ. ಪ್ರತಿಕಾಯದ ಬೆನ್ನಿಗೆ ಹಸಿರು ಹೊಳೆಯುವ ಬಣ್ಣ ಕಟ್ಟಿ ಕಳಿಸಿರುತ್ತಾರೆ. ವಿಶೇಷ ದೀಪದ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಸಿರು ಮಿನುಗಿದಲ್ಲೆಲ್ಲ ವೈರಸ್ಸಿದೆ ಎಂದರ್ಥ. ನನಗಿದು ತಕ್ಷಣ ತಿಳಿಯಿತು. ನಮ್ಮ ಮದುವೆಗಳಲ್ಲಿ ಬಾಗಿಲ ಬಳಿ ಒಬ್ಬಳು ಮುದುಕಿ ಕೂತಿರುತ್ತಾಳೆ. ಸಾವಿರ ಜನ ಒಳಗೆ ಹೋದರೂ ಸುಮ್ಮನಿದ್ದವಳು, ಒಬ್ಬನ ಮೂಗು ನೋಡಿ "ನೀ ಇಂಥವರ ಮೊಮ್ಮಗ ಅಲ್ಲೇನೋ" ಎಂದು ಗಪ್ಪನೆ ಮುಂಗೈ ಹಿಡಿಯುತ್ತಾಳೆ. ಆಮೇಲೆ ಊಟಕ್ಕೂ ಬಿಡುವುದಿಲ್ಲ. ಹೊಡೆಯುವುದಿಲ್ಲ, ಬಡಿಯುವುದಿಲ್ಲ, ಹಿಡಿದುಕೊಂಡಿರುತ್ತಾಳೆ. ಪ್ರತಿಕಾಯವೆಂದರೆ ಆ ಮುದುಕಿ.

"ಇದನ್ನ ಹೆಂಗ ಮಾಡ್ತಾರ್ರಿ?"

"ಮೂಲದಾಗ ಇಲಿಯಿಂದ ಕಾಕಾ. ಇಲಿ ಮೈಯಾಗಿನ ಜೀವಕೋಶ ತಗೊಂಡು ಬೆಳಸ್ತಾರ."

ಮನೆಗೆ ಬಂದು ಹೇಳಿದೆ. ದಿನಾ ಲಿಂಗಪೂಜೆ ಮಾಡದೆ ಚಹಾ ಮುಟ್ಟದ ನನ್ನ ಹೆಂಡತಿ ಸ್ವಲ್ಪ ಹೊತ್ತು ಯೋಚಿಸಿ, "ಇರಲಿ ಬಿಡ್ರಿ. ಆ ಗಣಪ್ಪನ್ನ ಹೊರೂದಕಿಂತ ಇದ ಹಗುರ ಕೆಲಸ," ಎಂದಳು.

ಇದೆಲ್ಲ ನನ್ನ ನೌಕರಿಯ ಮಾತು. ನನ್ನ ಮನೆಗೇ ಈ ಶೀಶೆಯ ಗರಜು ಬಂದದ್ದು, ಮಗಳ ಮದುವೆ ಮಾಡಿದ ವರ್ಷ.

ಮಗಳನ್ನು ಖಾನಾಪುರಕ್ಕೆ ಕೊಟ್ಟೆವು. ಬೀಗರದು ಪ್ಯಾಟಿಯಲ್ಲಿ ಕಾಳುಕಡಿಯ ಅಂಗಡಿ. ಒಳ್ಳೆಯ ಜನ, ಬೀಗಿತ್ತಿಗೆ ಮಾತ್ರ ಪದ್ಧತಿಗಳು ಬಹಳ. ಮೇ ತಿಂಗಳ ಉರಿಯಲ್ಲಿ ಮದುವೆ ಮುಗಿಯಿತು. ಮಳೆ ಹಿಡಿಯುವ ಹೊತ್ತಿಗೆ ಅಳಿಯನಿಗೆ ಜ್ವರ ಬಂತು. ಅವನ ಹಿಂದೆ ಅವನ ತಮ್ಮ, ತಮ್ಮನ ಹಿಂದೆ ಸೋದರತ್ತೆಯೊಬ್ಬಳು. ದವಾಖಾನೆಯವರು ಡೆಂಗ್ಯೂ ಎಂದರು. ಒಂದು ಬೆಳಿಗ್ಗೆ ಬೀಗಿತ್ತಿಯ ಫೋನು ಬಂತು.

"ಬೀಗರ, ತಪ್ಪ ತಿಳಕೋಬ್ಯಾಡ್ರಿ. ನಿಮ್ಮ ಮಗಳನ್ನ ಸ್ವಲ್ಪ ದಿನ ಕರಕೊಂಡ ಹೋಗ್ರಿ."

"ಯಾಕ್ರಿ ಅಕ್ಕಾರ, ಆಕಿಗೂ ಜ್ವರ ಬಂತೇನ್ರಿ?"

"ಆಕಿಗೇನ ಆಗತೈತಿ, ಗುಂಡಕಲ್ಲಿನಂಗ ಅದಾಳ. ಆಕಿ ಕಾಲಿಟ್ಟಾಗಿಂದ ನಮಗ ಎಲ್ಲಾರಿಗೂ ಹಿಂಗಾಗೇದ. ಕಾಲಗುಣ ಅಂತೀವಲ್ರಿ, ಅದರ ಮಾತು."

ಮದುವೆಯಾದ ಎರಡನೇ ತಿಂಗಳಿಗೆ ಮಗಳನ್ನು "ಸ್ವಲ್ಪ ದಿನ" ಕರೆದುಕೊಂಡು ಬರುವುದೆಂದರೆ ಏನೆಂದು ಬೆಳಗಾವಿ ಖಾಸಬಾಗದ ನಮ್ಮ ಓಣಿಗೆ ಚೆನ್ನಾಗಿ ಗೊತ್ತು. ಆ ಸ್ವಲ್ಪಕ್ಕೆ ರಬ್ಬರಿನ ಗುಣವಿದೆ. ಮೊದಲ ವಾರ "ಬಂದಿಯೇನವ್ವಾ" ಎನ್ನುತ್ತಾರೆ, ಎರಡನೇ ವಾರ "ಇನ್ನೂ ಅದಿಯೇನವ್ವಾ" ಎನ್ನುತ್ತಾರೆ, ಮೂರನೇ ವಾರ ಏನೂ ಅನ್ನುವುದಿಲ್ಲ. ಅದೇ ಎಲ್ಲಕ್ಕಿಂತ ಕೆಟ್ಟದ್ದು.

ಮಗಳೇ ಫೋನು ಇಸಿದುಕೊಂಡಳು. "ಅಪ್ಪಾ, ನೀ ಬಂದ್ರ ಬಾ, ಆದ್ರ ನಾ ಬರಂಗಿಲ್ಲ. ಓಡಿಸಿದ್ರಂತ ಓಡಿಬರಾಕ ನಾ ಏನ ಕಳವ ಮಾಡೀನಿ?"

ಆ ಸೊಕ್ಕು ನನ್ನದೇ. ಅವಳ ತಾಯಿಯೂ ಹಾಗೇ ಹೇಳುತ್ತಾಳೆ, ಹೊಗಳುವ ದನಿಯಲ್ಲಿ ಅಲ್ಲ.

ಆ ವಾರ ಖಾನಾಪುರದ ಕಡೆ ಸೊಳ್ಳೆ ಹಿಡಿಯುವ ಪಾಳಿ ಹೇಗೂ ಇತ್ತು. ಜೀಪು ಹತ್ತಿದೆ. ಮಚ್ಛೆ ದಾಟುವಾಗ ನಮ್ಮ ಹಳೇ ಕಾರ್ಖಾನೆಯ ಗೇಟಿಗೆ ಬೇಲಿಬಳ್ಳಿ ಹಬ್ಬಿದ್ದು ಕಂಡಿತು. ನೋಡಿಯೂ ನೋಡದಂತೆ ದಾಟಿದೆ.

ಬೀಗರ ಮನೆಯಲ್ಲಿ ಅಳಿಯ ಮಂಚದ ಮೇಲೆ ಹಸಿರು ಮುಖ ಮಾಡಿಕೊಂಡು ಕೂತಿದ್ದ. ಜ್ವರ ಬಿಟ್ಟಿತ್ತು; ಹಸಿರು ಪಪ್ಪಾಯಿ ಎಲೆಯ ರಸದ್ದು. ಡೆಂಗ್ಯೂಗೆ ಅದೇ ಮದ್ದೆಂದು ಯಾರೋ ಹೇಳಿದ್ದರು. ಹಿತ್ತಲಿನ ಪಪ್ಪಾಯಿ ಗಿಡಕ್ಕೆ ಒಂದೂ ಎಲೆ ಉಳಿದಿರಲಿಲ್ಲ, ಮುಂಡನ ಮಾಡಿಸಿಕೊಂಡಂತೆ ನಿಂತಿತ್ತು.

ಬೀಗಿತ್ತಿ ಶುರು ಮಾಡಿದರು. "ಹೊಸಾ ಜೋಡಿ ಮನಿದೇವರಿಗೆ ಹೋಗಬೇಕ್ರಿ. ಹುಡುಗಗ ಜ್ವರ, ಹೆಂಗ ಹೋಗೂದು? ಹೋಗೂತನಕ ಐರಾಣಿ ಎತ್ತೂಹಂಗಿಲ್ಲ. ಎಲ್ಲಾ ನಿಂತ ಬಿಟ್ಟೇತಿ."

ಐರಾಣಿ ಎಂದರೆ ಮದುವೆಗೆ ಕುಂಬಾರರ ಮನೆಯಿಂದ ವಾದ್ಯ ಸಮೇತ ತರುವ ಚಿತ್ತಾರದ ಗಡಿಗೆಗಳು. ನೀರು ತುಂಬಿ, ದೇವರ ಕೋಣೆಯಲ್ಲಿ ಒಂದರ ಮೇಲೊಂದು ಇಟ್ಟು ಪೂಜಿಸುತ್ತೇವೆ. ನಮ್ಮಲ್ಲಿ ಮದುವೆ ಮುಗಿದ ಬೆನ್ನಿಗೇ ಎತ್ತಿ ನೀರು ಚೆಲ್ಲಿಬಿಡುತ್ತೇವೆ. ಬೀಗರ ಮನೆತನದಲ್ಲಿ ಮಾತ್ರ, ಜೋಡಿ ಮನೆದೇವರಿಗೆ ಹೋಗಿ ಬರುವ ತನಕ ಆ ನೀರನ್ನು ಯಾರೂ ಅಲುಗಿಸುವಂತಿಲ್ಲ.

ಕೋಣೆಯ ಹೊಸ್ತಿಲಲ್ಲಿ ನಿಂತು ಇಣುಕಿದೆ. ಕತ್ತಲು, ತಂಪು, ಊದುಬತ್ತಿಯ ವಾಸನೆ. ಗಡಿಗೆಗಳ ಹಿಂದಿನ ಗೋಡೆಯ ಮೇಲೆ ಅವರು ಕೂತಿದ್ದರು: ಕಪ್ಪು ಮೈ, ಕಾಲಿಗೆ ಬಿಳಿ ಪಟ್ಟಿ, ಹಗಲೇ ಕಚ್ಚುವ ಜಾತಿ. ಮೇಲಿನ ಗಡಿಗೆಗೂ ಕೆಳಗಿನದಕ್ಕೂ ನಡುವಿನ ಸಂದಿನಿಂದ ಒಂದು ಹೊಸದಾಗಿ ಹೊರಬಂದು ರೆಕ್ಕೆ ಒಣಗಿಸುತ್ತಿತ್ತು. ಆಗ ಇಡೀ ಲೆಕ್ಕ ನನಗೆ ಹೊಳೆಯಿತು. ಜ್ವರ ಬಂದದ್ದಕ್ಕೆ ದೇವರಿಗೆ ಹೋಗಿಲ್ಲ. ಹೋಗದ್ದಕ್ಕೆ ಗಡಿಗೆ ಎತ್ತಿಲ್ಲ. ಎತ್ತದ್ದಕ್ಕೆ ಸೊಳ್ಳೆ ಹೆಚ್ಚಾಗಿವೆ. ಸೊಳ್ಳೆ ಹೆಚ್ಚಾಗಿದ್ದಕ್ಕೆ ಜ್ವರ ಮುಂದಿನವರಿಗೆ ಹೋಗುತ್ತಿದೆ. ಲೇತಿನ ಪಟ್ಟಿಯಂತೆ ಸುತ್ತುತ್ತಲೇ ಇದೆ, ಬೈಗುಳ ಮಾತ್ರ ನನ್ನ ಮಗಳಿಗೆ.

ಕೈ ತಡೆಯಲಿಲ್ಲ. ಜೀಪಿನಿಂದ ನಳಿಗೆ ತಂದು, ಚಪ್ಪಲಿ ಬಿಟ್ಟು, ದೇವರಿಗೊಂದು ನಮಸ್ಕಾರ ಹೊಡೆದು, ಕೊಳವೆ ತುಟಿಗೆ ಹಚ್ಚಿದೆ. ಸುಯ್ಯ್. ಮೂರು ನಾಲ್ಕು ಸಿಕ್ಕಿರಬೇಕು, ಹಿಂದಿನಿಂದ ಚೀರು ಕೇಳಿತು.

"ಬೀಗರ! ದೇವರ ಮನ್ಯಾಗ ಎಂಜಲ ನಳಿಗಿ!"

ಬಾಯಲ್ಲಿ ಕೊಳವೆ. ಬಿಟ್ಟರೆ ಸೊಳ್ಳೆ ಹಾರುತ್ತವೆ. ಉತ್ತರ ಕೊಡುವಂತಿಲ್ಲ. ಕೈಸನ್ನೆಯಲ್ಲೇ ತಡೀರಿ ಎಂದೆ. ಅದು ಅವರಿಗೆ ಆಶೀರ್ವಾದ ಮಾಡಿದಂತೆ ಕಂಡಿರಬೇಕು, ಇನ್ನಷ್ಟು ಕೆರಳಿದರು.

"ಎಂಜಲ ಮಾಡಿದ್ದಲ್ದ, ಮ್ಯಾಲ ಕೈ ಬ್ಯಾರೆ ತೋರಸ್ತಾರ! ರೀ, ನೋಡ್ರಿ ನಿಮ್ಮ ಬೀಗರ್ನ!"

ಬೀಗರು ಬಾಗಿಲಲ್ಲಿ ಬಂದು ನಿಂತರು, ನೋಡಿದರು, ಹೋದರು. ಅವರ ಸ್ವಭಾವವೇ ಹಾಗೆ. ಹಿಂದೆ ನಿಂತ ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆಂದು ಬೀಗಿತ್ತಿ ತಿಳಿದರು. ನನಗೆ ಅವಳ ಭುಜ ಕುಣಿಯುವ ರೀತಿ ಗೊತ್ತು.

ಸೊಳ್ಳೆಗಳನ್ನು ಡಬ್ಬಿಗೆ ಊದಿ, ಬಾಯಿ ತೆರವಾದ ಮೇಲೆ ಹೇಳಿದೆ, "ಅಕ್ಕಾರ, ನಾಡದು ಮಣ್ಣೆತ್ತಿನ ಅಮಾಸಿ. ಅಮಾಸಿ ಮುಂದ ಹೊಸಾ ಸೊಸಿನ್ನ ಹೊಸ್ತಲ ದಾಟಸ್ತಾರೇನ್ರಿ? ಅಮಾಸಿ ಕಳದ ಮ್ಯಾಲ ಬರ್ತೀನಿ, ಆಗ ನೀವು ಅಂದಂಗ."

ನನಗೆ ಅಮಾವಾಸ್ಯೆಯೂ ಒಂದೇ, ಹುಣ್ಣಿಮೆಯೂ ಒಂದೇ. ಆದರೆ ಪದ್ಧತಿಯ ಮನೆಯಲ್ಲಿ ವಾಯಿದೆ ಕೇಳುವುದಿದ್ದರೆ ಪದ್ಧತಿಯ ಹೆಸರಿನಲ್ಲೇ ಕೇಳಬೇಕು. ಬೀಗಿತ್ತಿ ಒಪ್ಪಿದರು, ಇಷ್ಟವಿಲ್ಲದೆ.

ಲ್ಯಾಬಿನಲ್ಲಿ ಮೇಡಂ ಮುಂದೆ ಡಬ್ಬಿ ಇಟ್ಟು, "ಇವು ನಮ್ಮ ಬೀ…" ಎನ್ನುವಷ್ಟರಲ್ಲಿ ಕೈ ಎತ್ತಿದರು.

"ಕಾಕಾ, ಯಾರ ಮನೀವು ಅಂತ ನನಗ ಹೇಳಬ್ಯಾಡ್ರಿ. ಡಬ್ಬಿಗೆ ನಂಬರ್ ಹಾಕ್ರಿ, ಸಾಕು. ಮನಿ ಗೊತ್ತಾದ್ರ ನನ್ನ ಕಣ್ಣೂ ಸುಳ್ಳ ಹೇಳತಾವ."

ನಂಬರು ಹಾಕಿದೆ. ಅವರು ಸೊಳ್ಳೆಯ ತಲೆ ಬೇರೆ ಮಾಡಿ, ಎರಡು ಗಾಜಿನ ಚೂರುಗಳ ನಡುವೆ ಇಟ್ಟು ಒತ್ತಿದರು. ವೈರಸ್ಸು ತಲೆಯವರೆಗೆ ಏರಿದ್ದರೆ ಆ ಸೊಳ್ಳೆ ಕಚ್ಚಿದವರಿಗೆ ಜ್ವರ ಅಂಟಿಸಬಲ್ಲದು, ಅದಕ್ಕೆ ತಲೆಯೇ ಬೇಕು. ಅದರ ಮೇಲೆ ಶೀಶೆಯ ನೀರಿನ ಒಂದು ತೊಟ್ಟು. ಪಕ್ಕದಲ್ಲಿ ಇನ್ನೊಂದು ಗಾಜು: ಲ್ಯಾಬಿನಲ್ಲೇ ಹುಟ್ಟಿ, ಯಾರನ್ನೂ ಕಚ್ಚದೆ ಸಕ್ಕರೆನೀರು ಕುಡಿದು ಬದುಕಿದ ಸಾಧ್ವಿ ಸೊಳ್ಳೆಯ ತಲೆ. ಅದು ಕಪ್ಪಾಗಿಯೇ ಉಳಿಯಬೇಕು. ಅದೂ ಹಸಿರಾದರೆ ಪರೀಕ್ಷೆಯೇ ಸುಳ್ಳು. ಆಮೇಲೆ ಕಾಯುವುದು, ತೊಳೆಯುವುದು, ಮತ್ತೆ ಕಾಯುವುದು.

ನಾನು ಹೊರಗೆ ಜೀಪು ತೊಳೆದೆ. ತೊಳೆದ ಜೀಪನ್ನೇ ಮತ್ತೆ ತೊಳೆದೆ. ಹಸಿರು ಕಾಣದಿದ್ದರೆ ಏನು ಎಂಬ ಪ್ರಶ್ನೆ ತಲೆಯಲ್ಲಿ ಗುಂಯ್‌ಗುಡುತ್ತಿತ್ತು. ಸೊಳ್ಳೆಯ ಮೈಯಲ್ಲಿ ಡೆಂಗ್ಯೂ ಇರಲಿ ಎಂದು ದೇವರಲ್ಲಿ ಬೇಡಿಕೊಂಡವನು ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಯಾವ ದೇವರಿಗೆ ಬೇಡಿಕೊಳ್ಳಬೇಕೆಂದೂ ತಿಳಿಯದೆ, ಶೀಶೆಯೊಳಗಿನ ಇಲಿಯನ್ನೇ ನೆನೆದೆ.

ಮೇಡಂ ಕತ್ತಲೆ ಕೋಣೆಗೆ ಕರೆದರು. ಮೊದಲ ತಲೆ ಕಪ್ಪು. ಎರಡನೆಯದೂ ಕಪ್ಪು. ಮೂರನೆಯ ಗಾಜು ಇಟ್ಟು ಅವರು ತಿರುಪು ತಿರುಗಿಸಿದರು.

"ಕಾಕಾ, ಬಂದ ನೋಡ್ರಿ."

ಕಣ್ಣು ಹಚ್ಚಿದೆ. ಕಪ್ಪಿನೊಳಗೆ ಹಸಿರು ಚುಕ್ಕೆಗಳು, ಒಂದಕ್ಕೊಂದು ಒತ್ತಿಕೊಂಡು, ಎಳೆ ಜೋಳದ ಹೊಲದ ಹಸಿರು. ಸಾಧ್ವಿಯ ಗಾಜು ಅಮಾವಾಸ್ಯೆಯಂತೆ ಕಪ್ಪಗಿತ್ತು. ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಮೇಡಂ ಕೇಳದವರಂತೆ ಇದ್ದು, ಫೋಟೋ ತೆಗೆದುಕೊಟ್ಟರು. ಆಗ ಹೇಳಿದೆ, ಯಾರ ಮನೆಯದೆಂದು.

ಅಮಾವಾಸ್ಯೆ ಕಳೆಯಿತು. ಆ ಫೋಟೋವನ್ನು ಮೊಬೈಲಿನಲ್ಲಿಟ್ಟುಕೊಂಡು, ಗೆದ್ದ ಎಂಎಲ್ಎಯ ಹಾಗೆ ಖಾನಾಪುರದೊಳಗೆ ಜೀಪು ನುಗ್ಗಿಸಿದೆ. ಪಡಸಾಲೆಯಲ್ಲಿ ಬೀಗ, ಬೀಗಿತ್ತಿ, ಅಳಿಯ ಎಲ್ಲರೂ ಇದ್ದರು. ಮಗಳು ಅಡುಗೆಮನೆಯ ಬಾಗಿಲಿಗೆ ಆತು ನಿಂತಳು.

ಬೀಗಿತ್ತಿ ಮೊಬೈಲನ್ನು ದೂರ ಹಿಡಿದು ನೋಡಿದರು. "ಛಲೋ ಐತಿ. ದೀಪಾವಳಿ ದೀಪ ಇದ್ದಂಗ ಐತಿ. ಅದಕ ಏನೀಗ?"

"ನಿಮ್ಮ ದೇವರ ಮನಿ ಸೊಳ್ಳಿ ತಲಿ ಅಕ್ಕಾರ ಇದು. ಹಸರ ಇದ್ದದ್ದೆಲ್ಲಾ ಡೆಂಗ್ಯೂ. ಜ್ವರ ತಂದಾಕಿ ಇಕಿ, ನನ್ನ ಮಗಳಲ್ಲ."

"ಸೊಳ್ಳಿ ಎಲ್ಲಿಂದ ಬಂತ್ರಿ ಮತ್ತ? ನಿಮ್ಮ ಮಗಳ ಟ್ರಂಕಿನ್ಯಾಗ ಬಂದಿರಬೇಕು. ಖಾಸಬಾಗದ ಗಟಾರದ ಸೊಳ್ಳಿ."

ವಿಮಾನದಲ್ಲಿ ಬಂದ ವಿಜ್ಞಾನವೆಲ್ಲ ಒಂದೇ ಏಟಿಗೆ ನೆಲಕ್ಕೆ. ನಮ್ಮ ಗಟಾರವನ್ನು ನಾನು ದಿನಾ ಬೈಯುತ್ತೇನೆ, ಹೊರಗಿನವರು ಬೈದರೆ ಮಾತ್ರ ಸಹಿಸುವುದಿಲ್ಲ. "ಗಟಾರದ ಸೊಳ್ಳಿ ಬ್ಯಾರೆ ಅಕ್ಕಾರ. ಇದು ನಿಮ್ಮ ಗಡಿಗ್ಯಾಗಿನಂಥಾ ಶುದ್ಧ ನೀರಿನ್ಯಾಗ ಹುಟ್ಟತೈತಿ."

"ಹೌದಲ್ಲಾ ಮತ್ತ!" ಎಂದು ಬೀಗಿತ್ತಿ ಗಂಡನ ಕಡೆ ತಿರುಗಿದರು. "ಕೇಳಿದ್ರಿಲ್ಲೋ? ನಮ್ಮ ಮನಿ ನೀರು ಶುದ್ಧ ಅಂತ ಲ್ಯಾಬಿನವರ ಹೇಳ್ಯಾರ."

ಇನ್ನು ನನ್ನಿಂದ ಆಗದೆಂದು ಮೇಡಂಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟೆ. ಮೇಡಂ ತಾಳ್ಮೆಯಿಂದ ಹೇಳಿದರು.

"ಅಮ್ಮಾರ, ನಮಸ್ಕಾರ್ರಿ. ಸೊಳ್ಳಿಗೆ ಜ್ವರ ತಾನಾಗಿ ಬರಂಗಿಲ್ಲ. ಮೊದಲ ಜ್ವರದವರ ರಕ್ತ ಕುಡೀಬೇಕು. ಕುಡದ ಮ್ಯಾಲೂ ಹೊಟ್ಟ್ಯಾಗಿಂದ ತಲಿಗೆ ಏರಾಕ ವಾರದ ಮ್ಯಾಲ ಬೇಕು. ಆಮ್ಯಾಲ ಅದು ಕಚ್ಚಿದವರಿಗೆ ಮತ್ತ ನಾಕಾರ ದಿನಕ್ಕ ಜ್ವರ. ನಿಮ್ಮ ಮನ್ಯಾಗ ಮೊದಲ ಯಾರಿಗೆ ಬಂತ್ರಿ?"

"ನಮ್ಮ ಹುಡುಗಗ. ಮದುವ್ಯಾಗಿ ಎರಡ ವಾರಕ್ಕ."

"ಅಂದ್ರ ಮದುವಿ ಹೊತ್ತಿಗೇ ಯಾರೋ ಜ್ವರದವರು ಅಲ್ಲಿ ಇದ್ದಿರಬೇಕ್ರಿ. ಯಾರು ಅಂತ ನನ್ನ ಶೀಶೆ ಹೇಳಂಗಿಲ್ಲ. ಸೊಸಿಗೆ ಜ್ವರ ಇತ್ತೇನ್ರಿ?"

"ಇಲ್ಲ," ಎಂದರು ಬೀಗಿತ್ತಿ, ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದಕ್ಕೆ ತಮಗೇ ಸಿಟ್ಟು ಬಂದವರಂತೆ.

ಬೀಗರು ತಲೆಯೆತ್ತಿ ತೊಲೆ ನೋಡುತ್ತಿದ್ದರು, ಆ ತೊಲೆಯನ್ನು ಇವತ್ತೇ ಕಂಡಂತೆ. ಅಡುಗೆಮನೆಯ ಬಾಗಿಲಿನಿಂದ ಮಗಳ ದನಿ ಬಂತು.

"ಮಾವಾರ, ಮದುವ್ಯಾಗ ಕೋಟಿನೊಳಗ ಸ್ವೆಟರ್ ಯಾಕ ಹಾಕ್ಕೊಂಡಿದ್ರಿ?"

"ಅದು… ಫ್ಯಾಶನ್ನವ್ವಾ."

"ನಾ ನಿಮ್ಮ ಕಾಲಿಗೆ ಬಿದ್ದಾಗ ಪಾದ ಕಾದ ಹಂಚಿನಂಗ ಇದ್ವು. ಬಿಸಲಿಗೆ ಇರಬೇಕು ಅಂತ ಸುಮ್ಮನಾಗಿದ್ದೆ."

ಬೀಗರ ಕಣ್ಣು ತೊಲೆಯಿಂದ ನೆಲಕ್ಕೆ ಇಳಿಯಿತು. "ಪತ್ರಿಕಿ ಹಂಚಿ ಆಗಿತ್ತು, ಮಂದಿನ್ನೆಲ್ಲಾ ಕರದ ಆಗಿತ್ತು. ನಾ ಮಲಗಿದ್ರ ಮದುವಿ ನಿಲ್ಲತಿತ್ತು. ಗುಳಿಗಿ ನುಂಗಿ ನಿಂತೆ. ತಾನ ಬಿಟ್ಟಹೋತು. ಡೆಂಗ್ಯೂ ಅಂತ ನನಗೇನ ಗೊತ್ತು?"

ಬೀಗಿತ್ತಿ ಎದ್ದು ನಿಂತರು. ಇಷ್ಟು ದಿನ ಒಂದು ದಿಕ್ಕಿಗೆ ಹರಿಯುತ್ತಿದ್ದ ನಾಲಿಗೆ ಇನ್ನೊಂದು ದಿಕ್ಕಿಗೆ ತಿರುಗಿದ್ದು ನಮಗೆಲ್ಲ ಕಣ್ಣಾರೆ ಕಂಡಿತು.

"ಇಷ್ಟ ದಿನಾ ನಾ ಈ ಕೂಸಿಗೆ ಅನಕೋತ ಬಂದೆ, ನೀವು ಕೇಳಕೋತ ಕುಂತ್ರಿ? ಬಾಯಾಗ ಏನ ಇಟಗೊಂಡಿದ್ರಿ? ಆ ರಸ ತಾರೋ ಇಲ್ಲೆ!" ಎಂದು ಮಗನ ಕೈಯಲ್ಲಿದ್ದ ಪಪ್ಪಾಯಿ ರಸದ ಲೋಟ ಕಸಿದು ಗಂಡನ ಮುಂದೆ ಹಿಡಿದರು. "ಕುಡೀರಿ."

"ನನಗ ಈಗ ಜ್ವರ ಇಲ್ಲಲ್ಲ…"

"ಆಗ ಕುಡೀಲಿಲ್ಲಲ್ಲ, ಈಗ ಕುಡೀರಿ."

ಬೀಗರು ಕುಡಿದರು. ಅಳಿಯ ಮೊದಲ ಬಾರಿಗೆ ನಕ್ಕಿದ್ದನ್ನು ನೋಡಿದೆ.

ಗಡಿಗೆಗಳ ಮಾತು ಉಳಿಯಿತು. ಬೀಗರು ಬಾಯಿ ಒರೆಸಿಕೊಂಡು ತಮ್ಮ ಮಠದ ಅಯ್ಯನವರಿಗೆ ಫೋನು ಮಾಡಿ, ದೇವರಿಗೆ ಹೋಗುವ ಮೊದಲೇ ಐರಾಣಿ ಎತ್ತಬಹುದೇ ಎಂದು ಕೇಳಿದರು. ಅಯ್ಯನವರಿಗೆ ಊಟದ ಹೊತ್ತು. "ನೀರ ಚೆಲ್ಲಾಕ ನನ್ನ ಯಾಕ ಕೇಳ್ತೀರಿ, ಎತ್ರಿ," ಎಂದು ಇಟ್ಟುಬಿಟ್ಟರು. ಬೀಗಿತ್ತಿ ಮತ್ತು ನನ್ನ ಮಗಳು ಆಚೆಗೊಬ್ಬರು ಈಚೆಗೊಬ್ಬರು ಹಿಡಿದು ಗಡಿಗೆಗಳನ್ನು ಹಿತ್ತಲಿಗೆ ಹೊತ್ತರು. ನೀರಿನೊಂದಿಗೆ ಹುಳುಗಳು ಮಣ್ಣಿಗೆ ಬಿದ್ದು ಒದ್ದಾಡಿದವು. ಇಬ್ಬರೂ ಬಗ್ಗಿ ನೋಡಿದರು. ಕ್ಷಮೆ ಗಿಮೆ ಯಾರೂ ಕೇಳಲಿಲ್ಲ. ಬೀಗಿತ್ತಿ ತಮ್ಮ ಸೆರಗಿನಿಂದ ಅವಳ ಕೈ ಒರೆಸಿ, "ಸೀರಿ ತೊಯ್ದೇತಿ ನೋಡು," ಎಂದರು, ಅಷ್ಟೇ.

ನಾನು ಹೊರಟು ನಿಂತೆ. "ಅಕ್ಕಾರ, ಕರಕೊಂಡ ಹೋಗ್ರಿ ಅಂದಿದ್ರಿ…"

"ಯಾರು ಅಂದ್ರು? ಯಾಕ ಕರಕೊಂಡ ಹೋಗ್ತೀರಿ? ನಾಳೆ ನಾಡದು ದೇವರಿಗೆ ಹೋಗಬೇಕು, ಮನಿತುಂಬ ಕೆಲಸ ಬಿದ್ದೇತಿ."

ಗೆದ್ದೆನೆಂದು ಜೀಪಿನ ಬಾಗಿಲು ತೆರೆದೆ. ಅಷ್ಟರಲ್ಲಿ ಮಗಳು ಒಳಗಿನಿಂದ ಒಂದು ಚೀಲ ಹಿಡಿದುಕೊಂಡು ಬಂದಳು. ಗಂಡನ ಕಡೆ ನೋಡಿದಳು. ಅವನು ಮೆಲ್ಲಗೆ ತಲೆಯಾಡಿಸಿದ. ನೇರವಾಗಿ ಬಂದು ನನ್ನ ಬಾಜು ಸೀಟಿನಲ್ಲಿ ಕೂತಳು.

"ಏ, ಇದೇನಿದು? ಹೋಗಂದಾಗ ಹೋಗಲಿಲ್ಲ, ಈಗ ಹೊಂಟಿ?" ಎಂದೆ.

"ಅವ್ವನ್ನ ನೋಡಬೇಕನಸೇತಿ, ಹೊಂಟೀನಿ. ಈಗ ಯಾರೂ ಓಡಸಾಕತ್ತಿಲ್ಲ, ನಾನ ಹೊಂಟೀನಿ."

ಬೀಗಿತ್ತಿ ಮಳೆಯಲ್ಲಿ ಸೆರಗು ತಲೆಯ ಮೇಲೆ ಎಳೆದುಕೊಂಡು ಜೀಪಿನ ತನಕ ಬಂದರು. "ಯಾವತ್ತ ಬರ್ತೀ?"

"ಫೋನ್ ಮಾಡ್ತೀನ್ರೀ ಅತ್ತಿ."

"ಫೋನ್ ಗೀನ್ ಬ್ಯಾಡ, ಯಾವ ದಿನ ಅಂತ ಹೇಳಿ ಹೋಗು."

ಮಗಳು ಕಿಟಕಿಯಿಂದ ಕೈ ಚಾಚಿ ಅತ್ತೆಯ ತಲೆಯ ಮೇಲಿನ ಸೆರಗು ಸರಿಮಾಡಿದಳು. "ನೆನೀಬ್ಯಾಡ್ರಿ, ಒಳಗ ಹೋಗ್ರಿ. ಜ್ವರ ಬಂದ್ರ ಮತ್ತ ನನ್ನ ಮ್ಯಾಲ ಬರತೈತಿ."

ಬೀಗಿತ್ತಿ ಒಳಗೆ ಹೋಗಲಿಲ್ಲ. ಜೀಪು ತಿರುವಿಗೆ ಬರುವ ತನಕ ಅಲ್ಲೇ ಮಳೆಯಲ್ಲಿ ನಿಂತಿದ್ದರು. ಕನ್ನಡಿಯಲ್ಲಿ ಕಾಣುತ್ತಿತ್ತು.